ಏಳನೇ ನಂಬರಿನ ವಯಸ್ಸು

ದೂರಿನಲ್ಲಿ ಇದ್ದದ್ದು ಎರಡೇ ಸಾಲು. ಕಾರ್ಯದರ್ಶಿ ಅದನ್ನು ಮೂರನೆಯ ಸಲ ಓದಿ, ಎದ್ದು ಹೋಗಿ ಕೋಣೆಯ ಚಿಲಕ ಹಾಕಿದಳು.

'ಹದಿನಾರು ವರ್ಷದೊಳಗಿನವರ ಇಂದಿನ ವಾಲಿಬಾಲ್ ಫೈನಲ್‌ನಲ್ಲಿ ಆಡಲಿರುವ ಏಳನೇ ನಂಬರಿನ ಹುಡುಗಿಗೆ ಹದಿನಾರು ದಾಟಿದೆ. ಮೂಲ ದಾಖಲೆ ನೋಡಿ ತೀರ್ಮಾನಿಸಬೇಕು.'

ಹದಿನಾಲ್ಕು ಕಥೋಲಿಕ ಪ್ರೌಢಶಾಲೆಗಳ ಕ್ರೀಡಾಕೂಟವನ್ನು ಆಕೆ ಹನ್ನೊಂದು ವರ್ಷದಿಂದ ನಡೆಸುತ್ತಿದ್ದಳು. ವೇಳಾಪಟ್ಟಿ, ಮೈದಾನ, ರೆಫರಿಗಳು, ಹೆಡ್‌ಮಿಸ್ಟ್ರೆಸ್‌ಗಳ ಮುನಿಸು, ಎಲ್ಲವೂ ಆಕೆಯ ತಲೆಯ ಮೇಲೆ. ಮದುವೆಯ ಮಾತೆತ್ತಿದವರಿಗೆ "ಈ ಸಲದ ಪಂದ್ಯ ಮುಗೀಲಿ" ಎನ್ನುತ್ತಿದ್ದಳು. ಪಂದ್ಯಗಳು ಮುಗಿಯಲೇ ಇಲ್ಲ. ಎಂಥೆಂಥ ದೂರುಗಳನ್ನೋ ಅರಗಿಸಿಕೊಂಡಿದ್ದಳು. ಆದರೆ ಏಳನೇ ನಂಬರು ಆಕೆಯ ಅಕ್ಕನ ಮನೆಯ ಹುಡುಗಿ.

ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಹೊರಗೆ ಶಾಲೆಗಳ ನಿರ್ದೇಶಕ ಫಾದರ್ ನಿಂತಿದ್ದರು. ಪಕ್ಕದಲ್ಲಿ ಎದುರು ತಂಡದ ಕೋಚ್. ಟೀ ತರಿಸಲೂ ಸೀಟಿ ಊದುವ ಮನುಷ್ಯ. ಸೀಟಿ ಮಾಸ್ಟರ್ ಎಂದೇ ಹೆಸರಾಗಿತ್ತು. ದೂರಿಗೆ ರುಜು ಹಾಕಿದ್ದವನು ಅವನೇ.

"ನಿಮ್ಮ ಸಂಬಂಧ ಅಂತ ಅಲ್ಲ ಮಿಸ್," ಎಂದ. "ಆ ಎತ್ತರ, ಆ ಏಟು ನೋಡಿ. ಹದಿನೈದು ಅಂದ್ರೆ ಯಾರಾದ್ರೂ ನಂಬ್ತಾರಾ?"

"ಫೈನಲ್ ಮುಂದಕ್ಕೆ ಹಾಕೋಣ ಫಾದರ್," ಎಂದಳು ಆಕೆ.

"ನಾಲ್ಕಕ್ಕೆ ಬಿಷಪ್ ಬರ್ತಾರೆ. ನೀವೇ ಮಾಡಿದ ನಿಯಮ ಇದೆಯಲ್ಲಮ್ಮ, ಅದರ ಪ್ರಕಾರ ಹೋಗೋಣ."

ನಿಯಮ ಆಕೆಯದೇ. ಎರಡು ವರ್ಷದ ಹಿಂದೆ ಒಂದು ಶಾಲೆಯವರು ಜನನ ಪತ್ರದ ನಕಲು ತಿದ್ದಿ ಸಿಕ್ಕಿಬಿದ್ದಾಗ, ಸಿಟ್ಟಿನ ಭರದಲ್ಲಿ ಬರೆದದ್ದು. ವಯಸ್ಸಿನ ತಕರಾರು ಬಂದರೆ ಕೂಸಾಗಿದ್ದಾಗ ಜ್ಞಾನಸ್ನಾನವಾದ ಚರ್ಚಿನ, ಹುಟ್ಟಿದ ದಿನ ಬರೆದಿಡುವ ಮೂಲ ಪುಸ್ತಕವೇ ಅಂತಿಮ, ಕಾರ್ಯದರ್ಶಿಯೇ ಹೋಗಿ ತರಬೇಕು. ದೂರಿನ ನಂತರ ಆಟಗಾರ್ತಿ ಹಿಂದೆ ಸರಿದರೆ ತಪ್ಪು ಒಪ್ಪಿಕೊಂಡಂತೆ.

"ಪುಸ್ತಕ ಇವರೇ ತರೋದಾ?" ಸೀಟಿ ಮಾಸ್ಟರ್ ಗೊಣಗಿದ.

"ಇಷ್ಟು ವರ್ಷದಲ್ಲಿ ಈ ಮಿಸ್ ಕಡೆ ಯಾರೂ ಬೆರಳು ತೋರಿಸಿಲ್ಲ," ಎಂದರು ಫಾದರ್. ಆಕೆ ದೂರಿನ ಹಾಳೆಯನ್ನು ಮಡಚಿದಳು, ಮತ್ತೆ ಮಡಚಿದಳು.

ಅಕ್ಕನಿಗೆ ಫೋನ್ ಮಾಡಿದಳು. ಅಕ್ಕನಿಗೆ ಮದುವೆಯಾಗಿ ಒಂಬತ್ತು ವರ್ಷ ಕಾದ ಮೇಲೆ ಮನೆಗೆ ಬಂದ ಕೂಸು ಅದು. ವಿಷಯ ಕೇಳಿದ್ದೇ ಅಕ್ಕ ದನಿ ತಗ್ಗಿಸಿದಳು.

"ಕಾಲು ಉಳುಕಿದೆ ಅಂತ ಹೇಳಿಸಿ ಕೂರಿಸಿಬಿಡೇ."

"ಆಗ ಅವಳನ್ನ ಕಳ್ಳಿ ಅಂತಾರೆ ಅಕ್ಕ."

"ಅನ್ಲಿ. ಆ ಪುಸ್ತಕ ತೆರೆದ್ರೆ ನೀನು ಕೆಲಸ ಕಳ್ಕೋತೀಯ, ನಾನು ಮಗಳನ್ನ ಕಳ್ಕೋತೀನಿ. ಯಾವುದು ಹೆಚ್ಚು ಹೇಳು."

ಹೊರಗೆ ಹುಡುಗಿ ಗೋಡೆಗೆ ಚೆಂಡು ಬಡಿಯುತ್ತಿದ್ದಳು. ತಂಡದ ಉಳಿದವರು ದೂರ ಗುಂಪಾಗಿ ಕೂತಿದ್ದರು. ಸುದ್ದಿ ಆಗಲೇ ಹಬ್ಬಿತ್ತು.

"ಆಡಲೇಬೇಕಾ ಮಗಾ?"

ಹುಡುಗಿ ಚೆಂಡನ್ನು ಹಿಡಿದು ನಿಂತಳು. "ನಾನು ಸುಳ್ಳು ಹೇಳಿಲ್ಲ ಚಿಕ್ಕಮ್ಮ. ಆಡದಿದ್ರೆ ಅವರ ಮಾತೇ ನಿಜ ಅಂತಾಗುತ್ತೆ. ನೀನೂ ನನ್ನ ನಂಬಲ್ವಾ?"

ಆಕೆ ಶಾಲೆಯ ವ್ಯಾನ್ ಹತ್ತಿದಳು.

ಹುಡುಗಿಗೆ ಜ್ಞಾನಸ್ನಾನವಾದ ಊರು ಒಂದೂವರೆ ಗಂಟೆಯ ಹಾದಿ. ದಾರಿ ಕೇಳಬೇಕಾಗಿರಲಿಲ್ಲ, ಆಕೆ ವ್ಯಾಯಾಮ ಶಿಕ್ಷಕಿಯ ತರಬೇತಿ ಮುಗಿಸಿದ್ದು ಅಲ್ಲೇ. ಚರ್ಚಿನ ಮುದಿ ಗುಮಾಸ್ತ ಆಕೆಯ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿ, ಏನೂ ಕೇಳದೆ ಪುಸ್ತಕ ಕೊಟ್ಟು ರುಜು ಹಾಕಿಸಿಕೊಂಡ.

ಮರಳುವಾಗ ರೈಲ್ವೆ ಗೇಟು ಬಿದ್ದಿತ್ತು. ಡ್ರೈವರ್ ಕೆಳಗಿಳಿದು ಕೈಕಾಲು ಸಡಿಲಿಸುತ್ತಿದ್ದ. ಆಕೆ ಪುಸ್ತಕ ಬಿಚ್ಚಿದಳು. ಆ ಪುಟ ಹುಡುಕಬೇಕಾಗಲಿಲ್ಲ. ಹಾಳೆ ಹೊಲಿಗೆಯಿಂದ ಸಡಿಲವಾಗಿತ್ತು, ಒಂದು ಎಳೆತ ಸಾಕಿತ್ತು. ಬೆರಳುಗಳು ಅಂಚನ್ನು ಹಿಡಿದೂ ಆಗಿತ್ತು. ಪುಟ ಹೋದರೆ ಹುಡುಗಿಗೆ ಜೀವಮಾನವಿಡೀ ಮೋಸಗಾತಿಯ ಹಣೆಪಟ್ಟಿ. ಪುಟ ಉಳಿದರೆ ಮೂವರ ಬದುಕೂ ಮೊದಲಿನಂತೆ ಇರುವುದಿಲ್ಲ. ಮುಂದೆ ಗೇಟು, ಹಿಂದೆ ಲಾರಿಗಳ ಸಾಲು. ಇಳಿದು ಓಡಿಬಿಡೋಣವೆಂದರೂ ಎಲ್ಲಿಗೆ?

ರೈಲು ಹಾದುಹೋಯಿತು. ಆಕೆ ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡಳು.

ಮೂರೂಕಾಲು ಗಂಟೆಗೆ ಕಚೇರಿಯ ಮೇಜಿನ ಸುತ್ತ ನಾಲ್ವರಿದ್ದರು: ಫಾದರ್, ಸೀಟಿ ಮಾಸ್ಟರ್, ಕಾರ್ಯದರ್ಶಿ ಮತ್ತು ಏಳನೇ ನಂಬರಿನ ಜೆರ್ಸಿ ತೊಟ್ಟ ಹುಡುಗಿ. ಫಾದರ್ ಕನ್ನಡಕ ಏರಿಸಿ ಹುಟ್ಟಿದ ದಿನಾಂಕ ಓದಿದರು. ಬೆರಳು ಮಡಚಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

"ಹದಿನೈದು ವರ್ಷ, ಎರಡು ತಿಂಗಳು. ಶಾಲೆಯ ದಾಖಲೆಯೂ ಇದೇ. ಒಂದು ದಿನದ ವ್ಯತ್ಯಾಸವೂ ಇಲ್ಲ."

ಸೀಟಿ ಮಾಸ್ಟರನ ಮುಖ ಕೆಂಪಾಯಿತು. "ತಪ್ಪಾಯ್ತು ಮಗು," ಎಂದು ಹುಡುಗಿಯ ತಲೆ ಸವರಿ, ಕಾರ್ಯದರ್ಶಿಯತ್ತ ಕೈಮುಗಿದು ಹೊರಟುಹೋದ.

ಹುಡುಗಿ ಗೆದ್ದ ಖುಷಿಯಲ್ಲಿ ನಕ್ಕಳು. ಕಾರ್ಯದರ್ಶಿ ನಗಲಿಲ್ಲ. ಫಾದರ್ ಕಣ್ಣು ಒಂದು ಸಾಲು ಕೆಳಗಿಳಿದು ಅಲ್ಲೇ ನಿಂತಿತ್ತು. ಅವರು ತಲೆಯೆತ್ತಿ ಆಕೆಯನ್ನು ನೋಡಿದರು. ಪುಸ್ತಕ ಮುಚ್ಚಲು ಹೋದರು.

"ಮುಚ್ಚಬೇಡಿ ಫಾದರ್," ಎಂದಳು ಆಕೆ. "ಅವಳೂ ನೋಡ್ಲಿ."

ಹುಡುಗಿ ಬಗ್ಗಿ, ಮಾಸಿದ ಶಾಯಿಯ ಮೇಲೆ ಬೆರಳಾಡಿಸುತ್ತ ಓದಿದಳು. ಬೆರಳು ನಿಂತಿತು.

"ಚಿಕ್ಕಮ್ಮ, ತಾಯಿ ಅನ್ನೋ ಕಡೆ ನಿನ್ನ ಹೆಸರು ಬರೆದಿದಾರಲ್ಲ?"