ಹಸಿ ಮರ ಮುಟ್ಟದ ಕೈ

ಈಗಲೂ ಸಾರಿಗೆ ಇಂಗಿನ ಒಗ್ಗರಣೆ ಬಿದ್ದರೆ ನಾನು ಅಡುಗೆಮನೆಯಿಂದ ಎದ್ದು ಹೋಗುತ್ತೇನೆ.

ನಮ್ಮೂರು ಬುಕ್ಕಾಪಟ್ಟಣದ ಹತ್ತಿರ. ಅಪ್ಪ ಬಡಗಿ. 'ಇಲ್ಲಿ ಒಣಗಿದ ಮರ ಮಾತ್ರ' ಎಂದು ಅಂಗಡಿಗೆ ಬೋರ್ಡು ಬರೆಸಿದ್ದ. ಹಸಿ ಮರಕ್ಕೆ ಕೊಡಲಿ ಹಾಕದ ಪುಣ್ಯಾತ್ಮನೆಂದು ಶಿರಾದಿಂದಲೂ ಜನ ಬಾಗಿಲು ಮಾಡಿಸಲು ಬರುತ್ತಿದ್ದರು.

ನಮ್ಮೂರ ಗಂಗಜ್ಜಿಯ ಮನೆ ಮುಂದೆ ದೊಡ್ಡ ಬೇವಿನ ಮರವಿತ್ತು. ಯಾರು ಎಷ್ಟು ಕೇಳಿದರೂ ಅವಳು ಕೊಟ್ಟಿರಲಿಲ್ಲ; ಅಪ್ಪನಿಗೂ ಅದರ ಮೇಲೆ ಕಣ್ಣಿತ್ತು. ಒಂದು ದಿನ ಅವಳು ಹೊಲಕ್ಕೆ ಹೋದಾಗ ಅಪ್ಪ ಮರದ ಬುಡಕ್ಕೆ ಬೈರಿಗೆಯಿಂದ ತೂತು ಕೊರೆದು, ಇಂಗು ತುಂಬಿ, ಮೇಲೆ ಮಣ್ಣು ಮೆತ್ತಿದ. ನಾನು ನೋಡಿದೆ.

ಆ ಇಂಗಿಗೆ ಮರ ಕೆಲವೇ ತಿಂಗಳಲ್ಲಿ ನಿಂತಲ್ಲೇ ಒಣಗಿತು. "ಬ್ಯಾರೆಯೋರು ಸೌದೆ ಮಾಡ್ಬುಡ್ತಾರೆ, ನೀನೇ ತಗೊಂಡೋಗಪ್ಪ" ಎಂದು ಅಜ್ಜಿಯೇ ಬಂದು ಕರೆದಳು.

ಆ ಮಧ್ಯಾಹ್ನ ನಾನೂ ಜೊತೆಗೆ ಹೋಗಿದ್ದೆ. ಕಡಿಯುವ ಮುಂಚೆ ಮರದ ಕ್ಷಮೆ ಕೇಳುವುದು ನಮ್ಮ ಕಸುಬಿನ ಪದ್ಧತಿ. ಅಪ್ಪ ಬೊಡ್ಡೆಗೆ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, "ತಪ್ಪಾಯ್ತು ತಾಯಿ" ಎಂದು ಕೈಮುಗಿದು ಕೊಡಲಿ ಎತ್ತಿದ. ಅಜ್ಜಿ ಅಳುತ್ತಲೇ, ಹಾರಿಬಿದ್ದ ಚಕ್ಕೆಯೊಂದನ್ನು ಮೂಗಿಗೆ ಹಿಡಿದಳು.

"ಇದೇನಪ್ಪಾ, ಬೇವು ಇಂಗಿನ ವಾಸ್ನೆ ಬತ್ತೈತೆ?"

ಅಪ್ಪ ಕೊಡಲಿ ನಿಲ್ಲಿಸಲಿಲ್ಲ. "ವಯಸ್ಸಾಯ್ತು ಕಣಜ್ಜಿ, ನಿನ್ ಮೂಗು ಕೆಟ್ಟೈತೆ."

"ಇರಬೌದು ಕಣಪ್ಪ" ಎಂದು ಅಜ್ಜಿ ತಲೆಯಾಡಿಸಿದಳು. ಆಮೇಲೆ ಆ ಚಕ್ಕೆಯನ್ನು ನನ್ನ ಕೈಗಿಟ್ಟು, ಬೆರಳು ಮಡಚಿ, ಮೆಲ್ಲಗೆ ಹೇಳಿದಳು:

"ನಿಮ್ಮಪ್ಪನಂಥೋನು ಸಿಗಾಕಿಲ್ಲ ಕಣಮ್ಮ. ನೋಡು, ಸತ್ತ ಮರಕ್ಕೂ ಕೈಮುಗಿತಾನೆ."