ಕಾಲು ಮುಂದಾಗಿ ಹುಟ್ಟಿದವಳು

ಕುಸುಬಿ ಎಣ್ಣೆ ಕಾಯುವ ವಾಸನೆ ಬಂದರೆ ಈಗಲೂ ನನ್ನ ಬಲಗಾಲು ಬೆಚ್ಚಿ ಹಿಂದೆ ಸರಿಯುತ್ತದೆ.

ನಾನು ಹುಟ್ಟುವಾಗ ಕಾಲು ಮೊದಲು ಬಂದಿತ್ತಂತೆ. ಅಂಥವರು ತುಳಿದರೆ ಹಿಡಿದ ನರ ಬಿಡುತ್ತದೆಂದು ಹುಣಸಗಿ ಸುತ್ತಿನ ಜನ ನಂಬಿದ್ದರು. ಅದು ಕಾಲುವೆ ತೋಡುತ್ತಿದ್ದ ಕಾಲ. ಮಣ್ಣಿನ ಬುಟ್ಟಿ ಹೊತ್ತು ಕುತ್ತಿಗೆ ಹಿಡಿದವರೆಲ್ಲ ನಮ್ಮ ಅಂಗಳಕ್ಕೆ ಬರುತ್ತಿದ್ದರು. ನಾನು ಜಂಬದಿಂದ ಅವರ ಹೆಗಲು ತುಳಿಯುತ್ತಿದ್ದೆ.

ಒಂದು ಮಧ್ಯಾಹ್ನ ಅವ್ವನೇ ಕಾಲುವೆಯ ಕೆಲಸ ಬಿಟ್ಟು ಬಂದು ಚಾಪೆಯ ಮೇಲೆ ಬೋರಲು ಮಲಗಿದಳು. ಕತ್ತು ಹೊರಳುತ್ತಿರಲಿಲ್ಲ. ಕಾಯಿಸಿದ ಕುಸುಬಿ ಎಣ್ಣೆ ಹಚ್ಚಲೆಂದು ಅಜ್ಜಿ ಅವಳ ತಲೆಯ ಮೇಲಿನ ಸೆರಗು ಸರಿಸಿದಳು. ಸೆರಗಿಲ್ಲದ ಅವ್ವನ ತಲೆಯನ್ನು ನಾನು ಅದುವರೆಗೆ ನೋಡಿರಲೇ ಇಲ್ಲ. ನಡುನೆತ್ತಿಯಲ್ಲಿ, ಬುಟ್ಟಿಯ ಕೆಳಗಿಡುವ ಸಿಂಬಿಯಷ್ಟಗಲ, ಒಂದು ಕೂದಲೂ ಇರಲಿಲ್ಲ. ಚರ್ಮ ನೊಗ ಹೊತ್ತ ಎತ್ತಿನ ಹೆಗಲಿನಂತೆ ಜಡ್ಡುಗಟ್ಟಿತ್ತು.

“ಯಾಕ ನಿಂತಿ? ಹೆಗಲಿಗೆ ಕಾಲ ಹಚ್ಚು. ಆಕಿ ನಾಳಿ ಮತ್ತ ಬುಟ್ಟಿ ಹೊರಬೇಕು,” ಎಂದು ಅಜ್ಜಿ ಗದರಿದಳು.

ನಾನು ಕಾಲೆತ್ತಿದೆ.

“ಹಗುರಾತು ಬಿಡ್ರಿ, ಅತ್ತಿ,” ಎಂದಳು ಅವ್ವ, ಚಾಪೆಯಿಂದ ಮುಖ ಎತ್ತದೆ.

ನನ್ನ ಕಾಲು ಇನ್ನೂ ಗಾಳಿಯಲ್ಲೇ ಇತ್ತು.