ರೆಕ್ಕೆಗೆ ಕಟ್ಟಿದ ಎತ್ತಿನ ಹಗ್ಗ

ಪುಂಡಿನಾರಿನ ಹಗ್ಗದ ವಾಸನೆ ಬಂದರೆ ಇಂದಿಗೂ ನನಗೆ ಆ ಸಂಜೆಯೇ ನೆನಪಾಗುತ್ತದೆ.

ಸಿಂದಗಿಯಲ್ಲಿ ಅಪ್ಪ ಸಣ್ಣದೊಂದು ಲಾಡ್ಜ್ ನಡೆಸುತ್ತಿದ್ದ. ಒಮ್ಮೆ ಪೈಲಟ್ ಒಬ್ಬರು ಫೋನ್ ಮಾಡಿ, ಒಂದು ರಾತ್ರಿಗೆ ರೂಮು ಹೇಳಿಟ್ಟರು. ಊರಾಚೆಯ ಬಯಲಲ್ಲಿ ತಮ್ಮ ಪುಟ್ಟ ವಿಮಾನ ಇಳಿಸುತ್ತಾರಂತೆ. ಗಾಳಿಗೆ ಅಲುಗದಂತೆ ಅದನ್ನು ಕಟ್ಟಲು ಹಗ್ಗ, ಗೂಟ ಬೇಕಂತೆ.

"ಕಟ್ಟೂದು ನನಗ ಬಿಡು," ಎಂದು ಅಪ್ಪನ ಅಪ್ಪ, ನಮ್ಮ ಮುತ್ಯಾ, ಎತ್ತಿನ ಹಗ್ಗವನ್ನೇ ಹೆಗಲಿಗೇರಿಸಿದ. ನಾನು ಲಂಗ ಎತ್ತಿಹಿಡಿದು ಹಿಂದೆ ಓಡಿದೆ.

ಆಗತಾನೇ ಬಯಲಿಗಿಳಿದಿದ್ದ ವಿಮಾನದ ರೆಕ್ಕೆಗೆ ಗಂಟು ಬಿಗಿದು, ಮುತ್ಯಾ ಅದರ ಹೊಟ್ಟೆ ಸವರಿದ. ಪೈಲಟ್ ಮಾತ್ರ ಹೊರಡಲು ಮನಸ್ಸಾಗದೆ ತಿರುತಿರುಗಿ ನೋಡುತ್ತಿದ್ದರು.

"ನೀವು ರೂಮಿಗೆ ಹೋಗಿ ಆರಾಮ ಮಲಕೋರಿ ಸಾಹೇಬ್ರ," ಎನ್ನುತ್ತ ಮುತ್ಯಾ ರೆಕ್ಕೆಯ ಕೆಳಗೆ ತನ್ನ ಕಂಬಳಿ ಹಾಸಿದ. "ಹೊಸಾ ಜಾಗಾದಾಗ ಎತ್ತು ಒಂದ ಇದ್ರ ಬೆದರತೈತ್ರಿ. ನಾ ಇಲ್ಲೇ ಇರ್ತೇನಿ."